ಅಜ್ಜಿ ಯಾರ ಪಕ್ಕ

ಜನವರಿ 9, ಗುರುವಾರ

ಕೋಚಿಂಗಿನಲ್ಲಿ ಇವತ್ತು ಮೊದಲನೇ ಮಾದರಿ ಪರೀಕ್ಷೆ. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆ ಏಪ್ರಿಲ್‌ನಲ್ಲಿ. ಅದರಲ್ಲಿ ತರ್ಕದ ಭಾಗವೇ ಎಲ್ಲರ ಗಂಟಲಿಗೆ ಸಿಕ್ಕಿಕೊಳ್ಳೋ ಮುಳ್ಳಂತೆ. 'ಆರು ಜನ ದುಂಡು ಮೇಜಿನ ಸುತ್ತ ಕೂತಿದ್ದಾರೆ, ಯಾರ ಪಕ್ಕ ಯಾರು' ಅನ್ನೋ ಥರದ ಲೆಕ್ಕ ನನಗೆ ಒಂದೂ ತಪ್ಪಾಗಲಿಲ್ಲ. ಉಳಿದವರು ವೃತ್ತ ಬರೆದು, ಅಳಿಸಿ, ಮತ್ತೆ ಬರೆದು ಒದ್ದಾಡ್ತಿದ್ರು. ನಾನು ಪೆನ್ಸಿಲ್ಲೇ ಮುಟ್ಟಲಿಲ್ಲ.

"ಚಿತ್ರ ಬರೀದೆ ಹೇಗೆ ಬಿಡಿಸಿದೆ?" ಅಂತ ಮೇಡಂ ಕೇಳಿದ್ರು.

"ಹಾಗೇ ಬಂತು ಮೇಡಂ" ಅಂದೆ. ಇನ್ನೇನು ಹೇಳಲಿ? ಹುಟ್ಟಿದಾಗಿಂದ ದಿನಾ ಅದೇ ಲೆಕ್ಕ ಬಿಡಿಸ್ತಿದ್ದೀನಿ ಅಂತ ಹೇಳಲಾ?

ನಮ್ಮ ಮನೇಲಿ ದುಂಡು ಮೇಜಿದೆ. ಅಪ್ಪನೇ ಮಾಡಿದ್ದು. ಅಪ್ಪ ಬಡಗಿ. ಕೈಯಲ್ಲಿ ಕೆಲಸ ಇದೆ ಅಂತ ಊರೆಲ್ಲ ಹೊಗಳುತ್ತೆ, ಆ ಕೈಯಲ್ಲಿ ಇನ್ನೇನಿದೆ ಅಂತ ನಮಗೆ ಗೊತ್ತು. "ಮೂಲೆ ಇಲ್ಲದ ಮೇಜು ಮಾಡಿದ್ದಾನೆ ನನ್ನ ಮಗ, ಯಾರ ತಲೇನೂ ಒಡೀಬಾರದು ಅಂತ" ಅಂತಾಳೆ ಅಜ್ಜಿ. ಅಪ್ಪನ ಬಲಗೈ ಏಟು ಎಡಕ್ಕೆ ಪೂರ್ತಿ ಬೀಸಿ ಬೀಳುತ್ತೆ. ಹಾಗಾಗಿ ಅಪ್ಪನ ಎಡಕ್ಕೆ ಅಜ್ಜಿ. ಹೆತ್ತವಳ ಮೇಲೆ ಅಪ್ಪ ಇವತ್ತಿನವರೆಗೆ ಕೈ ಎತ್ತಿಲ್ಲ. ಅವಳು ನಮ್ಮನೆ ಗೋಡೆ. ಗೋಡೆ ಆಚೆಗೆ ನನ್ನ ತಂಗಿ. ಅವಳ ಪಕ್ಕ ನಾನು, ಅಂದ್ರೆ ಅಪ್ಪನಿಗೆ ನೇರ ಎದುರಿಗೆ. ಎದುರಿಗಿದ್ದವರಿಗೆ ಕೈ ಎಟಕಲ್ಲ, ಲೋಟ ಬರುತ್ತೆ. ಲೋಟ ಬಂದ್ರೆ ಬಗ್ಗಬಹುದು. ನನ್ನ ಇನ್ನೊಂದು ಕಡೆ ಅಮ್ಮ, ಅವಳು ಅಡುಗೆಮನೆಗೆ ಎದ್ದು ಹೋಗ್ತಾ ಬರ್ತಾ ಇರ್ತಾಳೆ. ಅಮ್ಮನಿಗೂ ಅಪ್ಪನಿಗೂ ನಡುವೆ ಅಣ್ಣ. ಅವನಿಗೆ ಹಿಂಗೈ ಏಟು ಬೀಳುತ್ತೆ, ಅದರಲ್ಲಿ ಜೋರಿರಲ್ಲ.

ಅಜ್ಜಿ ಯಾರ ಪಕ್ಕ ಅಂತ ಗೊತ್ತಾದ್ರೆ ಉಳಿದವರನ್ನ ಕೂರಿಸೋದು ಎಷ್ಟು ಹೊತ್ತಿನ ಕೆಲಸ?

ತಂಗಿಗೆ ಮನೇಲಿ ಎಲ್ಲರೂ ಪಿಟೀಲು ಅಂತೀವಿ. ಹುಟ್ಟಿದಾಗಿಂದ ಅವಳ ದನಿ ಕುಯ್ಯೋದು ನಿಂತಿಲ್ಲ. ಹೈಸ್ಕೂಲು ಮುಗೀತಾ ಬಂತು, ಇನ್ನೂ ನಿಂತಿಲ್ಲ. ಅವಳಿಗೆ ಮಾತು ಕೊಟ್ಟಿದ್ದೀನಿ: ನಾನು ಪಾಸಾದ್ರೆ ಕಾಲೇಜಿನ ಹತ್ತಿರ ಒಂದು ಕೋಣೆ, ಎರಡು ಮಂಚ, ನಾವಿಬ್ಬರೇ. ಅಲ್ಲಿ ಮೇಜೇ ಬೇಡ, ನೆಲದ ಮೇಲೆ ಕೂತು ಉಣ್ಣೋಣ ಅಂದಳು.

ಜನವರಿ 12, ಭಾನುವಾರ

ಮರ್ಯಾದೆ ಹೋಯ್ತು. ಹೇಳಿಕೆ ಕೊಟ್ಟು ತೀರ್ಮಾನ ಕೇಳೋ ಪ್ರಶ್ನೆ. 'ಮಾಲೀಕ ಕೆಲಸಗಾರನಿಗೆ ಹೊಡೆದ. ತೀರ್ಮಾನ: ಕೆಲಸಗಾರ ತಪ್ಪು ಮಾಡಿದ್ದ.' ನಾನು ಸರಿ ಅಂತ ಗುರುತು ಹಾಕಿದ್ದೆ. ಇಡೀ ಕ್ಲಾಸಿನಲ್ಲಿ ನಾನೊಬ್ಬಳೇ.

"ತಪ್ಪು ಮಾಡಿದ್ದ ಅಂತ ಎಲ್ಲಿ ಬರೆದಿದೆ?" ಅಂದ್ರು ಮೇಡಂ.

"ಸುಮ್ಮಸುಮ್ಮನೆ ಯಾರಾದ್ರೂ ಹೊಡೀತಾರಾ ಮೇಡಂ?"

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕಂದ. ಮೇಡಂ ನಗಲಿಲ್ಲ. ನನ್ನ ಮುಖ ನೋಡಿ, ಆಮೇಲೆ ನನ್ನ ಕೈ ನೋಡಿ, "ಕೊಟ್ಟಿರೋದರ ಆಚೆ ಹೋಗಬೇಡ. ಹೊಡೆದ ಅಂದ್ರೆ ಹೊಡೆದ ಅಷ್ಟೇ" ಅಂದ್ರು. ಕೈ ನೋಡೋಕೇನಿತ್ತೋ. ಅಪ್ಪನ ಶೆಡ್ಡಿನಲ್ಲಿ ದಿನವಿಡೀ ಮರಕ್ಕೆ ಉಪ್ಪುಕಾಗದ ತಿಕ್ಕಿ ಪಾಲಿಶ್ ಹೊಡೆಯೋ ಕೈ, ಹೂವಿನ ಹಾಗಿರುತ್ತಾ? ಅದರಲ್ಲೂ ಎಡಗೈ. ನಾನು ಎಡಚಿ. ಚಿಕ್ಕವಳಿದ್ದಾಗ ಅದನ್ನ ಬಿಡಿಸೋಕೆ ಅಪ್ಪ ಮರದ ರೀಪಿನ ತುಂಡಿನಲ್ಲಿ ಗೆಣ್ಣಿಗೆ ಹೊಡೀತಿದ್ದ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಅಂತಿದ್ದ. ಕೈ ಬಗ್ಗಲಿಲ್ಲ, ರೀಪು ಮುರೀತು.

ದಾರಿಯುದ್ದಕ್ಕೂ ಆ ಪ್ರಶ್ನೆನೇ ತಲೇಲಿ. ನನಗೆ ಇನ್ನೂ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಜನವರಿ 20, ಸೋಮವಾರ

ಶೆಡ್ಡಿನಲ್ಲಿ ರಾದ್ಧಾಂತ. ಅಣ್ಣ ಮಾಡಿದ ಡ್ರಾಯರ್ ಒಳಗೆ ಹೋಗದೆ ಅರ್ಧಕ್ಕೆ ಸಿಕ್ಕಿಕೊಳ್ತು. ಅಪ್ಪ ಎರಡು ಸಲ ತಳ್ಳಿದ, ಎಳೆದ. ಆಮೇಲೆ ಒಂದು ಮಾತೂ ಆಡದೆ ಕೊಡತಿ ತಗೊಂಡು ಅಣ್ಣನ ಮಣಿಕಟ್ಟಿಗೆ ಬಿಟ್ಟ. ಉಳಿ ಹೊಡೆಯೋ ಕೊಡತಿ. ಆ ಶಬ್ದ ನನಗೆ ಶೆಡ್ಡಿನ ಆ ತುದಿಗೆ ಕೇಳಿಸ್ತು, ಒಣ ಕಡ್ಡಿ ಮುರಿದ ಹಾಗೆ. ಅಣ್ಣ ಕೈ ಹಿಡ್ಕೊಂಡು ಮರದ ಪುಡಿ ಮೇಲೆ ಮಂಡಿಯೂರಿದ, ಬಾಯಿ ತೆರೆದಿತ್ತು, ಸದ್ದು ಬರಲಿಲ್ಲ. ಅಪ್ಪ ಡ್ರಾಯರಿನ ಅಂಚು ಒಂದು ಎಳೆ ಕೆತ್ತಿ ಮತ್ತೆ ತಳ್ಳಿದ. ಬೆಣ್ಣೆಯಲ್ಲಿ ಇಳಿದ ಹಾಗೆ ಒಳಗೆ ಹೋಯ್ತು.

ಊಟಕ್ಕೆ ಕೂತಾಗ ಅಣ್ಣನ ಕೈ ಬಾತು ಎರಡರಷ್ಟಾಗಿತ್ತು, ಎಡಗೈಲಿ ತಿನ್ನೋಕೆ ಒದ್ದಾಡ್ತಿದ್ದ. ಯಾರೂ ಕೇಳದಿದ್ರೂ ಅಪ್ಪ ಶುರು ಮಾಡಿದ. "ದಂಡಂ ದಶಗುಣಂ. ನಾನೇನು ಹುಚ್ಚನಾ? ತಪ್ಪು ಮಾಡಿದ್ರೆ ಮಾತ್ರ ಹೊಡೀತೀನಿ."

ನನ್ನ ಬಾಯಿ ಸುಮ್ಮನಿರುತ್ತಾ? "ಅಪ್ಪಾ, ಅದರಲ್ಲಿ 'ಮಾತ್ರ' ತೆಗೆದುಬಿಡು" ಅಂದೆ. "ಮಾತ್ರ ಅಂದ್ರೆ ನಿನ್ನ ಕೈಲಿ ಏಟು ತಿಂದವರೆಲ್ಲ ತಪ್ಪು ಮಾಡಿದವರೇ ಅಂತಾಗುತ್ತೆ. ತಪ್ಪು ಮಾಡಿದ್ರೂ ಹೊಡೀತೀನಿ, ಮಾಡದಿದ್ರೂ ಹೊಡೀತೀನಿ ಅನ್ನು. ಆಗ ವಾಕ್ಯ ಸರಿಹೋಗುತ್ತೆ."

ಪಿಟೀಲು ಮೇಜಿನ ಕೆಳಗೆ ನನ್ನ ಕಾಲು ಒದ್ದಳು. ಅಷ್ಟರಲ್ಲಿ ಲೋಟ ಬಂತು. ಬಗ್ಗೋದು ಒಂಚೂರು ತಡ ಆಯ್ತು, ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು ತಟ್ಟೆ ಎಲ್ಲ ಕೆಂಪಗೆ ಕಾಣ್ತಿತ್ತು. ಪಿಟೀಲು ತನ್ನ ಅಂಗಿ ತೋಳಿನಿಂದಲೇ ಒತ್ತಿ ಹಿಡಿದಳು, "ಅಕ್ಕ, ಅಕ್ಕ" ಅಂತ ಕುಯ್ಯುತ್ತಾ. ನೋವಾಯ್ತು, ಆದ್ರೆ ಬೇಜಾರಾಗಲಿಲ್ಲ. 'ಮಾತ್ರ' ಅರ್ಥವಾಯ್ತಲ್ಲ. ನಾಳೆ ಮೇಡಂಗೆ ತೋರಿಸಬೇಕು, ವಾಕ್ಯವನ್ನ, ಹುಬ್ಬನ್ನಲ್ಲ.

ಜನವರಿ 31, ಶುಕ್ರವಾರ

ಮೇಡಂ ಇವತ್ತು ಗಾದೆ ಇಟ್ಟುಕೊಂಡು ಪಾಠ ಮಾಡಿದ್ರು. ಕೈ ಕೆಸರಾದರೆ ಬಾಯಿ ಮೊಸರು. "ಸರಿ, ಒಬ್ಬನ ಬಾಯಿ ಮೊಸರಾಗಿದೆ. ಅವನ ಕೈ ಕೆಸರಾಗಿತ್ತಾ?" ಆಗಿತ್ತು ಅಂತ ಅರ್ಧ ಕ್ಲಾಸು. "ಅವರಪ್ಪನ ಕೈ ಕೆಸರಾಗಿರಬಹುದು ಮೇಡಂ" ಅಂದೆ. ಎಲ್ಲರೂ ನಕ್ಕರು. ಮೇಡಂ ಬೆನ್ನು ತಟ್ಟಿದ್ರು. ಫಲ ನೋಡಿ ಕಾರಣಕ್ಕೆ ಗಾಡಿ ಹಿಂದಕ್ಕೆ ಓಡಿಸಬೇಡಿ ಅಂತ ಅವರ ಮಾತು.

ಮನೇಲಿ ಪಿಟೀಲು ನನ್ನ ಗಡಿಯಾರ. ಮೊಬೈಲಿನಲ್ಲಿ ಸಮಯ ಇಟ್ಟು, ಪ್ರಶ್ನೆ ಓದಿ, ಮುಗೀತು ಅಂತ ಕೂಗೋದು ಅವಳ ಕೆಲಸ. ಇವತ್ತು ಪ್ರಶ್ನೇಲಿ 'ಎಲ್ಲಾ ಕತ್ತೆಗಳೂ ವಕೀಲರು' ಅಂತ ಬಂತು. ಅವಳು ನಗು ತಡೆಯೋಕಾಗದೆ ಹೊರಳಾಡಿದಳು. ಮೊದಲು ನನಗೂ ನಗು ಬಂತು. ಆಮೇಲೂ ಅವಳು ನಿಲ್ಲಿಸಲಿಲ್ಲ. ಸಮಯ ಓಡ್ತಿದೆ, ಇವಳು ಹಲ್ಲು ಕಿರೀತಿದಾಳೆ. ಪುಸ್ತಕ ಎಸೆದೆ. ಅವಳಿಗೆ ತಾಗಲಿಲ್ಲ, ಕಿವಿ ಪಕ್ಕದಲ್ಲಿ ಹೋಯ್ತು. ತಾಗಬೇಕು ಅಂತ ಎಸೆದದ್ದೂ ಅಲ್ಲ.

ಪುಸ್ತಕದ ಬೆನ್ನು ಬಿಟ್ಟುಹೋಗಿದೆ. ಗೋಂದು ಹಚ್ಚಬೇಕು.

ಫೆಬ್ರವರಿ 8, ಶನಿವಾರ

ಮೂರನೇ ಮಾದರಿ ಪರೀಕ್ಷೆ ಕೆಟ್ಟಿತು. ತೀರ್ಮಾನದ ಪ್ರಶ್ನೆಗಳಲ್ಲೇ ಮತ್ತೆ ಕೈಕೊಟ್ಟಿದ್ದು. ಮೇಡಂ ಬೈಯಲಿಲ್ಲ, ಅದಕ್ಕೇ ಉರೀತು.

ಮನೆಗೆ ಬಂದು ಹಟಕ್ಕೆ ಬಿದ್ದು ಕೂತೆ. ಪಿಟೀಲು ಮಧ್ಯದಲ್ಲಿ ಗೆಳತಿಗೆ ಮೆಸೇಜು ಮಾಡೋಕೆ ಹೋಗಿ ಟೈಮರ್ ನಿಲ್ಲಿಸಿಬಿಟ್ಟಿದ್ದಾಳೆ. ನಾನು ಕೇಳಿದ್ರೆ "ಓಡ್ತಿದೆ ಅಕ್ಕ" ಅಂತ ಸುಳ್ಳು. ಒಂದು ಕೊಟ್ಟೆ. ಒಂದೇ ಒಂದು, ಕೆನ್ನೆಗೆ. ಅದನ್ನ ಏಟು ಅಂತ ಲೆಕ್ಕಕ್ಕೆ ಹಿಡಿಯೋಕಾಗಲ್ಲ, ಈ ಮನೇಲಿ ಬೀಳೋ ಏಟಿನ ಮುಂದೆ ಅದು ಸೊಳ್ಳೆ ಓಡಿಸಿದ ಹಾಗೆ.

ಅವಳು ಕೆನ್ನೆ ಹಿಡ್ಕೊಂಡು ನನ್ನೇ ನೋಡ್ತಾ ಕೂತಳು. "ಏನು ನೋಡ್ತೀಯಾ? ಅಪ್ಪನ ಥರ ಸುಮ್ಮಸುಮ್ಮನೆ ಹೊಡೆಯೋಳಲ್ಲ ನಾನು. ತಪ್ಪು ಮಾಡಿದ್ರೆ ಮಾತ್ರ" ಅಂದೆ. ಯಾರಿಗೋಸ್ಕರ ಇಷ್ಟು ಒದ್ದಾಡ್ತಿದ್ದೀನಿ ನಾನು? ಅವಳಿಗೋಸ್ಕರ ತಾನೇ? ಅಷ್ಟೂ ಗೊತ್ತಾಗಲ್ವಾ?

ಮಲಗೋ ಮುಂಚೆ ಅವಳ ತಲೆ ನೇವರಿಸಿದೆ. ಎದ್ದೇ ಇದ್ದಳು, ಕಣ್ಣು ಬಿಡಲಿಲ್ಲ.

ಫೆಬ್ರವರಿ 9, ಭಾನುವಾರ

ತಲೆನೋವು. ಓದಲಿಲ್ಲ. ಅಣ್ಣನಿಗೆ ಕೊನೆಗೂ ಕೈಗೆ ಪಟ್ಟಿ ಹಾಕಿದ್ದಾರೆ, ಮೂಳೆ ಬಿರುಕು ಬಿಟ್ಟಿದೆಯಂತೆ.

ಫೆಬ್ರವರಿ 19, ಬುಧವಾರ

ಇವತ್ತು ನಡೆದದ್ದನ್ನ ಬರೆಯದಿದ್ರೆ ನಿದ್ದೆ ಬರಲ್ಲ.

ಎರಡು ಬೀರುಗಳ ಪಾಲಿಶ್ ಬಾಕಿ ಇತ್ತು. ನಾನು ಕೋಚಿಂಗಿಗೆ ಹೋಗಿದ್ದೆ. "ನಾನೇ ಕಳಿಸಿದ್ದು, ಓದಿಕೊಳ್ಳಲಿ ಬಿಡಿ" ಅಂದಳಂತೆ ಅಮ್ಮ. ನಾನು ಶೆಡ್ಡಿನ ಬಾಗಿಲಿಗೆ ಬರೋ ಹೊತ್ತಿಗೆ ಅಪ್ಪ ಅಮ್ಮನ ಕೂದಲು ಹಿಡಿದು ಅವಳ ಮುಖವನ್ನ ಬೀರುವಿನ ಬಾಗಿಲಿಗೆ ಗುದ್ದುತ್ತಿದ್ದ. "ನೋಡು, ಹೊಳೆಯುತ್ತಾ? ಹೊಳೆಯುತ್ತಾ ನೋಡು?" ಅಂತ ಕೇಳ್ತಾ ಕೇಳ್ತಾ ಗುದ್ದುತ್ತಿದ್ದ. ಅಮ್ಮನ ಮೂಗಿನ ರಕ್ತ ಹಸಿ ಮರದ ಮೇಲೆ ಇಳೀತಿತ್ತು. ಪಾಲಿಶ್ ಆಗದ ಮರ ರಕ್ತ ಕುಡಿದುಬಿಡುತ್ತೆ, ಎಷ್ಟು ತಿಕ್ಕಿದ್ರೂ ಹೋಗಲ್ಲ.

ಯಾವಾಗ ತಗೊಂಡೆನೋ ಗೊತ್ತಿಲ್ಲ, ಅಗಲದ ಉಳಿ ನನ್ನ ಎಡಗೈಲಿತ್ತು. ಅಪ್ಪನ ಕುತ್ತಿಗೆ ಪಕ್ಕಕ್ಕೆ ಹಿಡಿದೆ. "ಬಿಡು. ಇಲ್ಲಾಂದ್ರೆ ಇಳಿಸ್ತೀನಿ" ಅಂದೆ. ಅಪ್ಪ ನಕ್ಕ. ಒತ್ತಿದೆ. ಚರ್ಮ ಬಿಟ್ಟುಕೊಳ್ತು. ಒಂದು ಎಳೆ ರಕ್ತ ಅಂಗಿ ಒಳಗಿಳೀತು. ಅದು ಅಪ್ಪನೇ ಮಸೆದಿಟ್ಟ ಉಳಿ, ಎಷ್ಟು ಹರಿತ ಅಂತ ಅಪ್ಪನಿಗೆ ಗೊತ್ತು. ನಗು ನಿಂತಿತು. ಅಮ್ಮನ ಕೂದಲು ಬಿಟ್ಟ, ಎರಡು ಹೆಜ್ಜೆ ಹಿಂದಕ್ಕೆ ಹೋದ, ಪಾಲಿಶ್ ಡಬ್ಬಿ ಎಡವಿ ಕೂತೇಬಿಟ್ಟ.

ಅಪ್ಪನ ಕಣ್ಣಲ್ಲಿ ಹೆದರಿಕೆ. ನಾನು ನೋಡಿದೆ! ಎಷ್ಟು ಚೆನ್ನಾಗಿತ್ತು ಅಂದ್ರೆ, ಇನ್ನೊಂದು ಚೂರು ಒತ್ತಿ ನೋಡೋಣ ಅನ್ನಿಸ್ತು. ಸುಳ್ಳು ಯಾಕೆ ಹೇಳಲಿ, ಇದನ್ನ ಓದೋಳು ನಾನೊಬ್ಬಳೇ. ಹುಟ್ಟಿದಾಗಿಂದ ನಾನು ಕಾದದ್ದು ಇದಕ್ಕೇ. ಅಮ್ಮ "ಬೇಡ ಕಣೇ, ಕೈ ಇಳಿಸು" ಅಂತ ನನ್ನ ಕೈಗೇ ಜೋತುಬಿದ್ದಳು. ಅವಳನ್ನ ಉಳಿಸೋಕೆ ಬಂದ್ರೆ ನನ್ನನ್ನೇ ತಡೀತಾಳೆ! ಕೊಡವಿದೆ. ಅವಳೂ ಬಿದ್ದಳು.

ಎಲ್ಲರೂ ಊಟಕ್ಕೆ ಕೂತೆವು. ಅಪ್ಪ ಕತ್ತಿಗೆ ಬಟ್ಟೆ ಸುತ್ತಿಕೊಂಡು, ತಲೆ ಎತ್ತದೆ ಉಂಡು ಎದ್ದ. ಪಿಟೀಲಿನ ಕೈಯಿಂದ ಚಮಚ ಜಾರಿ ಠಣ್ ಅಂತು. "ಸದ್ದು ಮಾಡಬೇಡ!" ಅಂದೆ. ನನ್ನ ದನಿ ನನಗೇ ಜೋರಾಯ್ತು. ಆಮೇಲೆ ಸೊಗಸಾದ ಮೌನ.

ಮಾರ್ಚ್ 2, ಭಾನುವಾರ

ಮನೆ ಮನೆಯ ಹಾಗಾಗಿದೆ. ಓದೋಕೆ ಇಂಥ ಪುಣ್ಯಕಾಲ ಎಂದೂ ಸಿಕ್ಕಿರಲಿಲ್ಲ. ಅಪ್ಪ ಶೆಡ್ಡು ಬಿಟ್ಟು ಬರೋದೇ ಕಡಿಮೆ. ನಾನು ಪುಸ್ತಕ ತೆರೆದ ಕೂಡಲೇ ಅಣ್ಣ ಟಿವಿ ಆರಿಸ್ತಾನೆ. ಅಮ್ಮ ಊಟಕ್ಕೆ ಬಡಿಸಲಾ ಅಂತ ಈಗ ಕೇಳೋದು ನನ್ನನ್ನ, ಅದೂ ಬಾಗಿಲಲ್ಲೇ ನಿಂತು. ಪಿಟೀಲು ಕುಯ್ಯೋದು ಪೂರ್ತಿ ನಿಂತಿದೆ. ಪ್ರಶ್ನೆ ಓದು ಅಂದ್ರೆ ಓದ್ತಾಳೆ, ಮುಗೀತು ಅನ್ನು ಅಂದ್ರೆ ಮುಗೀತು ಅಂತಾಳೆ. ಬುದ್ಧಿ ಬಂತು ಕೊನೆಗೂ. ಅಲ್ಲೊಂದು ಇಲ್ಲೊಂದು ಕೊಡಬೇಕಾಯ್ತು, ಆದ್ರೆ ಫಲ ಸಿಕ್ತು. ಮೊನ್ನೆಯ ಮಾದರಿ ಪರೀಕ್ಷೇಲಿ ಕ್ಲಾಸಿಗೇ ನಾನು ಮೊದಲು.

ಅಜ್ಜಿ ಮಾತ್ರ ಒಂದು ಥರ ಆಡ್ತಿದಾಳೆ. ಇವತ್ತು ನನ್ನನ್ನ ಸುಮಾರು ಹೊತ್ತು ನೋಡಿ "ನೂಲಿನಂತೆ ಸೀರೆ" ಅಂದಳು. ಮುಂದಿನದು ಹೇಳಲಿಲ್ಲ. ಮುಂದಿನದು ತಾಯಿಯಂತೆ ಮಗಳು ಅಂತ ಎಲ್ಲರಿಗೂ ಗೊತ್ತು. ನಾನೆಲ್ಲಿ ಅಮ್ಮನಂತೆ? ಅಮ್ಮ ಇರುವೆಗೂ ಏಟು ಹಾಕಿದವಳಲ್ಲ. ಅರವತ್ತಕ್ಕೆ ಅರಳುಮರಳು ಅಂತಾರೆ, ಇವಳಿಗೆ ಎಂಬತ್ತಾಗ್ತಾ ಬಂತು.

ಮಾರ್ಚ್ 15, ಶನಿವಾರ

ಇವತ್ತು ಒಂದು ಅನಾಹುತ ಆಯ್ತು. ಆಗಬಾರದಿತ್ತು.

ಊಟದ ಮೇಜಿನ ಮೇಲೇ ಅಭ್ಯಾಸ ಮಾಡ್ತಿದ್ದೆ. ಪಿಟೀಲು ನನ್ನ ಪಕ್ಕ ನಿಂತಿದ್ದಳು, ಒಂದು ಕೈಲಿ ಮೊಬೈಲು. ಟೀ ಲೋಟ ಇಡುವಾಗ ಅವಳ ಕೈ ನಡುಗಿ ಉತ್ತರದ ಹಾಳೆಗಳ ಮೇಲೆಲ್ಲ ಚೆಲ್ಲಿತು. ಕೈ ಯಾಕೆ ನಡುಗಬೇಕು? ನಾನೇನು ಹುಲಿನಾ? ಅದೇ ನನಗೆ ಕೋಪ ತರಿಸಿದ್ದು, ಟೀ ಅಲ್ಲ. "ನಡುಗಬೇಡ" ಅಂದೆ. ಜಾಸ್ತಿ ನಡುಗಿದಳು. "ನಡುಗಬೇಡ ಅಂದ್ನಲ್ಲ!" ಅಂತ ಕತ್ತಿನ ಹಿಂದೆ ಹಿಡಿದು ಹಾಳೆಗಳ ಕಡೆ ಬಗ್ಗಿಸಿದೆ. ಏನು ಮಾಡಿದ್ದೀಯಾ ನೋಡು ಅಂತ ತೋರಿಸೋಕೆ ಅಷ್ಟೇ. ಅವಳು ಬಿಡಿಸಿಕೊಳ್ಳೋಕೆ ಎಳೆದಾಡಿದಳು, ನಾನು ಒತ್ತಿದೆ, ಮುಖ ಮೇಜಿನ ಅಂಚಿಗೆ ಹೋಯ್ತು. ಒಂದು ಸಲವಾ, ಎರಡು ಸಲವಾ, ನೆನಪಿಲ್ಲ. ಮೂಲೆ ಇಲ್ಲದ ಮೇಜಿಗೂ ಹುಬ್ಬು ಒಡೆಯುತ್ತೆ. ಬಿಳಿ ಎಲುಬು ಕಾಣಿಸ್ತು, ಆಮೇಲೆ ರಕ್ತ ತುಂಬಿಕೊಳ್ತು.

ನಾನೇ ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದೆ. ಚಪ್ಪಲಿ ಹಾಕಿಕೊಳ್ಳೋಕೂ ನಿಲ್ಲಲಿಲ್ಲ. ಅತ್ತುಕೊಂಡೇ ಓಡಿದೆ, ಅದನ್ನೂ ಬರೀತೀನಿ. ಹೊಲಿಗೆ ಹಾಕೋ ನರ್ಸು "ಹೇಗಾಯ್ತಮ್ಮ?" ಅಂದಳು. "ಬಾಗಿಲು ತಾಗಿತು" ಅಂದಳು ಪಿಟೀಲು. ಜಾಣೆ. ನರ್ಸು ಸುಮ್ಮನಾಗಲಿಲ್ಲ. ನನ್ನ ಹುಬ್ಬಿನ ಗುರುತು ನೋಡಿದಳು, ಅವಳ ಹುಬ್ಬು ನೋಡಿದಳು. "ಮನೇಲಿ ಅಪ್ಪ ಹೊಡೀತಾರಾ?"

"ಹೌದು" ಅಂದೆ.

ನರ್ಸಿನ ಕಣ್ಣಲ್ಲಿ ನೀರು ಬಂತು. ನನ್ನ ಭುಜ ಒತ್ತಿ, "ತಂಗಿನ ಜೋಪಾನವಾಗಿ ನೋಡ್ಕೊಳಮ್ಮ" ಅಂದಳು. ಪಿಟೀಲು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ನಾನು ಸುಳ್ಳೇನೂ ಹೇಳಲಿಲ್ಲ. ಅಪ್ಪ ಹೊಡೀತಾನೆ ಅನ್ನೋ ಹೇಳಿಕೆ ನೂರಕ್ಕೆ ನೂರು ನಿಜ. ಅದರಿಂದ ಅವಳು ಏನು ತೀರ್ಮಾನ ಮಾಡಿಕೊಂಡಳೋ ಅದು ಅವಳ ತಪ್ಪು. ಕೊಟ್ಟಿರೋದರ ಆಚೆ ಹೋಗಬಾರದು.

ಮಾರ್ಚ್ 27, ಗುರುವಾರ

ಪರೀಕ್ಷೆಗೆ ಇನ್ನು ಕೈಬೆರಳಲ್ಲಿ ಎಣಿಸೋಷ್ಟು ದಿನ. ಪಿಟೀಲಿನ ಹೊಲಿಗೆ ಬಿಚ್ಚಿದರು. ಅವತ್ತಿನಿಂದ ಅವಳ ಮೈ ಮುಟ್ಟಿಲ್ಲ ನಾನು, ಒಂದೆರಡು ಸಲ ಕಿವಿ ಹಿಂಡಿದ್ದು ಬಿಟ್ರೆ. ಅವಳಿಗೆ ಹೊಸ ಅಂಗಿ ತರ್ತೀನಿ ಅಂದೆ, "ಬೇಡ ಅಕ್ಕ" ಅಂದಳು. ಕೋಣೆ ನೋಡಿ ಬಂದೆ, ಎರಡು ಮಂಚ ಹಿಡಿಸುತ್ತೆ, ಕಿಟಕಿ ಕಡೆದು ನಿನಗೆ ಅಂದೆ. "ಹ್ಞೂಂ" ಅಂದಳು.

ಅಜ್ಜಿ ಈಗ ಊಟಕ್ಕೆ ನನ್ನ ಪಕ್ಕ ಬಂದು ಕೂರ್ತಾಳೆ. ಆ ಕಡೆ ಗಾಳಿ ಜಾಸ್ತಿಯಂತೆ, ಮಂಡಿ ಹಿಡಿಯುತ್ತಂತೆ. ಅವಳ ಜಾಗಕ್ಕೆ ಪಿಟೀಲು ಹೋಗಿದಾಳೆ. ಒಳ್ಳೇದೇ ಆಯ್ತು, ಅಜ್ಜಿ ಸಣ್ಣ ತಟ್ಟೇಲಿ ಉಣ್ಣೋದ್ರಿಂದ ನನಗೆ ತಟ್ಟೆ ಪಕ್ಕ ಪುಸ್ತಕ ಇಟ್ಟುಕೊಳ್ಳೋಕೆ ಜಾಗ ಸಿಗುತ್ತೆ.

ಏಪ್ರಿಲ್ 6, ಭಾನುವಾರ

ಪರೀಕ್ಷೆ ಮುಗೀತು! ತರ್ಕದ ಭಾಗ ಲೀಲಾಜಾಲ. ಅದೇ ಹಳೇ ನೆಂಟ, ಆರು ಜನ, ದುಂಡು ಮೇಜು. ಪಕ್ಕದ ಬೆಂಚಿನವನು ಪೆನ್ನು ಕಚ್ಚಿ ಕಚ್ಚಿ ತುಟಿ ನೀಲಿ ಮಾಡಿಕೊಂಡಿದ್ದ, ನಾನು ಅಷ್ಟರಲ್ಲಿ ಮುಗಿಸಿದ್ದೆ. ತೀರ್ಮಾನದ ಪ್ರಶ್ನೆಯಲ್ಲಿ 'ತಾಯಿ ಮಗುವಿಗೆ ಹೊಡೆದಳು' ಅಂತಿತ್ತು. ತೀರ್ಮಾನ: ಮಗು ತಪ್ಪು ಮಾಡಿತ್ತು. ಈ ತೀರ್ಮಾನ ಬರಲ್ಲ ಅಂತ ಕಣ್ಣು ಮುಚ್ಚಿಕೊಂಡು ಗುರುತು ಹಾಕಿದೆ. ಆ ತಪ್ಪು ಇನ್ನು ಈ ಜನ್ಮದಲ್ಲಿ ನನ್ನ ಕೈಲಿ ಆಗಲ್ಲ.

ಮೇ 10, ಶನಿವಾರ

ಫಲಿತಾಂಶ ಬಂತು. ಸೀಟು ಸಿಕ್ತು. ಮೇಡಂ ಫೋನಿನಲ್ಲೇ ಕುಣಿದ್ರು.

ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದೆ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಣ್ಣ ನೆಟ್ಟಗೆ ಬಗ್ಗದ ಕೈ ಎತ್ತಿ ಭೇಷ್ ಅಂದ. ಅಪ್ಪ ಮೇಜಿನ ಅಂಚನ್ನ ಹೆಬ್ಬೆರಳಿಂದ ಸವರ್ತಾ ಕೂತಿದ್ದ, ಮರ ನೋಡೋ ಹಾಗೆ. ಆಮೇಲೆ "ಹೋಗು" ಅಂದ. ಬೈದದ್ದಲ್ಲ. ಮುದುಕನಾಗಿಬಿಟ್ಟಿದ್ದಾನೆ, ಯಾವಾಗ ಆದನೋ.

ನಾನು ಪಿಟೀಲಿನ ಕಡೆ ತಿರುಗಿ "ಬಟ್ಟೆ ತುಂಬ್ಕೊಳೇ, ಮುಂದಿನ ವಾರ ಹೊರಡೋಣ" ಅಂದೆ.

ಅವಳು ತಟ್ಟೆ ನೋಡ್ತಾ ಅಂದಳು: "ಅಜ್ಜಿ ಬಂದ್ರೆ ಮಾತ್ರ ಬರ್ತೀನಿ."

"ಅಜ್ಜಿನಾ? ಮೂರನೇ ಮಹಡಿ ಕಣೇ. ಮೆಟ್ಟಿಲು ಹತ್ತಕ್ಕಾಗುತ್ತಾ ಇವಳಿಗೆ? ಎರಡೇ ಮಂಚ ಇರೋದು."

"ಅಜ್ಜಿ ಬಂದ್ರೆ ಮಾತ್ರ."

"ನಿನಗೋಸ್ಕರ ಇಷ್ಟೆಲ್ಲ ಮಾಡಿ..." ಅಂತ ಎದ್ದೆ. ಕೈ ಎದ್ದಿತ್ತು. ಎಡಗೈ. ಬೀಸೋಕೆ ನಡುವೆ ಅಜ್ಜಿ ತಲೆ ಅಡ್ಡ ಇತ್ತು. ಬೆಳ್ಳಗಿನ ಪುಟ್ಟ ತಲೆ, ತುತ್ತು ಅಗೀತಾ ಇತ್ತು, ನನ್ನ ಕಡೆ ನೋಡಲೂ ಇಲ್ಲ. ಅದರಾಚೆ ಪಿಟೀಲು. ಕಣ್ಣು ಬಿಗಿಯಾಗಿ ಮುಚ್ಚಿ, ಭುಜ ಕಿವಿವರೆಗೂ ಎತ್ತಿ, ಕಾಯ್ತಾ ಇದ್ದಳು. ಹಾಗೆ ಕಾಯೋದು ನನಗೆ ಚೆನ್ನಾಗಿ ಗೊತ್ತು. ಕಾಯ್ತಾ ಕಾಯ್ತಾ ಅವಳು ಒರಗಿದ್ದು ಅಪ್ಪನ ಕಡೆಗೆ. ಅಪ್ಪನ ತೋಳಿಗೆ ಅವಳ ತೋಳು ತಾಗಿತ್ತು.

ಕೂತುಬಿಟ್ಟೆ.

ಎಲ್ಲರೂ ಉಂಡು ಎದ್ದ ಮೇಲೂ ನಾನು ಖಾಲಿ ಕುರ್ಚಿಗಳ ಮಧ್ಯ ಕೂತಿದ್ದೆ. ಎಂಥ ದಡ್ಡಿ ನಾನು! ಚಿತ್ರ ಬರೀದೆ ಬಿಡಿಸೋಳಂತೆ! ಎಷ್ಟು ವಾರದಿಂದ ಈ ಲೆಕ್ಕ ನನ್ನ ಕಣ್ಣೆದುರಿಗೇ ಕೂತು ಉಣ್ತಿತ್ತು. ಎಡಚಿಯ ಏಟು ಬಲಕ್ಕೆ ಪೂರ್ತಿ ಬೀಸಿ ಬೀಳುತ್ತೆ. ನನ್ನ ಬಲಕ್ಕೆ ಪಿಟೀಲು ಇದ್ದಳು, ಈಗ ಅಜ್ಜಿ ಇದ್ದಾಳೆ. ಅಜ್ಜಿ ಯಾರ ಪಕ್ಕ ಅಂತ ಗೊತ್ತಾದ್ರೆ ಸಾಕು ಅಂತ ಈ ಪುಸ್ತಕದ ಮೊದಲ ಪುಟದಲ್ಲೇ ಬರೆದಿದ್ದೀನಿ. ಗಾಳಿಯೂ ಅಲ್ಲ, ಮಂಡಿಯೂ ಅಲ್ಲ.

ಅಪ್ಪನ ಪಕ್ಕ ಕೂರೋದೇ ವಾಸಿ ಅಂತ ಅನ್ನಿಸಿದೆ ಅವಳಿಗೆ. ಅಪ್ಪನ ಪಕ್ಕ! ನನಗೆ ಸಂಕಟ ತಡೆಯೋಕಾಗ್ತಿಲ್ಲ.

'ಅಜ್ಜಿ ಬಂದ್ರೆ ಬರ್ತೀನಿ' ಅಂದಿದ್ರೆ, ಅಜ್ಜಿ ಇಲ್ಲದೆಯೂ ಬರೋಕೆ ಒಂದು ಸಂದು ಇರ್ತಿತ್ತು. ಅವಳು ಮಾತ್ರ ಅಂದಳು, ಎರಡು ಸಲ ಅಂದಳು. ನನಗೆ ಪ್ರಶ್ನೆ ಓದಿ ಓದಿ ಹೇಳಿದವಳು ಅವಳೇ. ಆ ಪದ ಏನು ಮಾಡುತ್ತೆ ಅಂತ ಅವಳಿಗೆ ಗೊತ್ತು.

ಮೇ 11, ಭಾನುವಾರ

ಬೆಳಿಗ್ಗೆ ಕೋಣೆಯವರಿಗೆ ಫೋನ್ ಮಾಡಿ ಒಂದೇ ಮಂಚ ಸಾಕು ಅಂದೆ.

ಊಟದ ಹೊತ್ತಿಗೆ ತಟ್ಟೆ ತಗೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಒಳಗೆ ಸೆಖೆ ಅಂದೆ. ಯಾರೂ ಬಾ ಅನ್ನಲಿಲ್ಲ. ಬಾಗಿಲ ಸಂದಿಯಿಂದ ಮೇಜು ಅರ್ಧ ಕಾಣ್ತಿತ್ತು. ಅಜ್ಜಿ ಎದ್ದು, ಮೇಜಿನ ಅಂಚು ಹಿಡ್ಕೊಂಡು ನಿಧಾನವಾಗಿ ತನ್ನ ಹಳೇ ಜಾಗಕ್ಕೆ, ಅಪ್ಪನ ಎಡಕ್ಕೆ ಹೋದಳು. ಪಿಟೀಲು ಒಂದು ಕುರ್ಚಿ ಈಚೆಗೆ ಸರಿದಳು.

ನಾನು ಅರ್ಧ ಉಂಡಿದ್ದೆ. ಒಳಗೆ ಪಿಟೀಲು ಏನೋ ಹೇಳಿದಳು, ಅಣ್ಣ ಏನೋ ಅಂದ, ಅವಳು ಕುಯ್ಯೋಕೆ ಶುರು ಮಾಡಿದಳು. ಅದೇ ಹಳೇ ದನಿ. ಆಮೇಲೆ ನಕ್ಕಳು, ಹೊಟ್ಟೆ ಹಿಡ್ಕೊಂಡು, ತಡೆಯೋಕಾಗದೆ. ಆ ದನಿ ಕೇಳಿ ಎಷ್ಟು ದಿನ ಆಗಿತ್ತೋ, ನಾನು ತಟ್ಟೆ ಸದ್ದಾಗದ ಹಾಗೆ ಕೆಳಗಿಟ್ಟು ಕೇಳಿಸಿಕೊಳ್ತಾ ಕೂತೆ.